ಬುಟ್ಟಿಗೆ ಹಾಕದ ಫೋನು

ಮುದುಕರ ಆರೋಗ್ಯಕ್ಕೆಂದು ಇಡೀ ದೇಶಕ್ಕೊಂದು ಕಂಪ್ಯೂಟರ್ ಯೋಜನೆ ಬಂದಿದೆಯಂತೆ. ಅದನ್ನು ಹಾಕಿದ ಮಹಾನುಭಾವರಲ್ಲಿ ಒಬ್ಬರಾದರೂ ದೇವನಹಳ್ಳಿ ತಾಲೂಕಿನ ವಿಜಯಪುರದ ನಮ್ಮ ಬೀದಿಗೆ ಕಾಲಿಟ್ಟಿದ್ದರೆ ನನ್ನ ಹೊಟ್ಟೆ ಇಷ್ಟು ಉರಿಯುತ್ತಿರಲಿಲ್ಲ.

ನಾನು ಆಶಾ ಕಾರ್ಯಕರ್ತೆ. ಆ ಯೋಜನೆಗೆಂದು ಬೀದಿಯ ಮುದುಕರ ಹೆಸರನ್ನೆಲ್ಲ ಫೋನಿನಲ್ಲಿ ತುಂಬಬೇಕಿತ್ತು. ಮೊಬೈಲ್ ನಂಬರ್ ಇಲ್ಲದೆ ಆ ದರಿದ್ರ ಫಾರಂ ಮುಂದಕ್ಕೆ ಹೋಗದು. ಮೇಲಿನವರು "ಇವತ್ತೇ ಮುಗಿಸ್ರೀ" ಎಂದು ಪ್ರಾಣ ತಿಂದರು. ಫೋನಿಲ್ಲದವರಿಗೆಲ್ಲ ನನ್ನ ನಂಬರನ್ನೇ ಹಾಕಿದೆ. ತಪ್ಪು ನನ್ನದೇ, ಒಪ್ಪುತ್ತೇನೆ. ಆದರೆ ಎಲ್ಲರೂ ಹಾಗೇ ಮಾಡಿದ್ದರು, ಮೇಲಿನವರಿಗೂ ಗೊತ್ತಿತ್ತು.

ಎದುರುಮನೆಯ ಅಜ್ಜಿ ಆಯುಷ್ಯವೆಲ್ಲ ಗೂಡಿನಿಂದ ರೇಷ್ಮೆ ನೂಲು ತೆಗೆದವಳು. ಈಗ ಪೊರೆ ಬಂದು ತಟ್ಟೆಯಲ್ಲಿರುವ ಮುದ್ದೆಯೂ ಕಾಣುತ್ತಿರಲಿಲ್ಲ. ಕಣ್ಣಿನ ಆಪರೇಷನ್‌ಗೆ ದಿನ ಸಿಕ್ಕಿತು. ಅಂದೇ ದೇವನಹಳ್ಳಿಯಲ್ಲಿ ನಮಗೆ ಆ ಯೋಜನೆಯ ಮೀಟಿಂಗು. ಬಾಗಿಲಲ್ಲೇ ನಮ್ಮ ಫೋನುಗಳನ್ನು ಬುಟ್ಟಿಗೆ ಹಾಕಿಸಿಕೊಂಡರು. ಊಟದ ಹೊತ್ತಿಗೆ ವಾಪಸು ಸಿಕ್ಕಾಗ ಒಂಬತ್ತು ಮಿಸ್ಡ್ ಕಾಲು, ಅಜ್ಜಿಯ ಹೆಸರಿಗೆ ನಾಲ್ಕು ಒಟಿಪಿ. ಒಟಿಪಿ ಹೇಳುವವರಿಲ್ಲವೆಂದು ಅಜ್ಜಿಯನ್ನು ಆಸ್ಪತ್ರೆಯಿಂದ ಮನೆಗೆ ಕಳಿಸಿಬಿಟ್ಟಿದ್ದರು.

ಸಂಜೆ ತಲೆ ತಗ್ಗಿಸಿಕೊಂಡು ಹೋದೆ. ಅಜ್ಜಿ ಬೈಯಲಿಲ್ಲ.

"ನಿಂಗೆ ಮೀಟಿಂಗ್ ಇಲ್ದಿರೋ ದಿನ ಯಾವ್ದು ಹೇಳವ್ವ, ಅವತ್ತೇ ಕಣ್ ಮಾಡಿಸ್ಕೋತೀನಿ" ಎಂದಳು. ಅದರ ಬದಲು ಎರಡೇಟು ಹಾಕಿದ್ದರೆ ಚೆನ್ನಾಗಿತ್ತು.

ನನ್ನದು ತೆಗೆದು ಅಜ್ಜಿಯ ಮಗಳ ನಂಬರ್ ಹಾಕೋಣವೆಂದು ಹೋದೆ. ಮೂರು ವಾರ ಸರ್ವರ್ ಇಲ್ಲ. ಮುಂದಿನ ತಿಂಗಳು ಆಪರೇಷನ್‌ಗೆ ಮತ್ತೆ ದಿನ ಕೊಟ್ಟರು. ಅವತ್ತೂ ಹಾಳು ಮೀಟಿಂಗೇ! ತಪ್ಪಿಸಿಕೊಂಡರೆ ನೋಟಿಸು. ಈ ಸಲ ಫೋನನ್ನು ಬುಟ್ಟಿಗೆ ಹಾಕಲಿಲ್ಲ, ಸೆರಗಿನಡಿ ಇಟ್ಟುಕೊಂಡೆ.

ಸಾಹೇಬರು ವೇದಿಕೆಯ ಮೇಲೆ "ಒಟಿಪಿ ಯಾರಿಗೂ ಹೇಳಬಾರದು" ಎಂದು ಪಾಠ ಮಾಡುತ್ತಿದ್ದಾಗಲೇ ಸೆರಗಿನಡಿಯ ಫೋನು ಹೊಡೆದುಕೊಂಡಿತು. ಆಸ್ಪತ್ರೆಯಿಂದ ಅಜ್ಜಿಯ ಮಗಳು.

"ಯಾರ್ರೀ ಅದು? ಫೋನ್ ಆಫ್ ಮಾಡ್ರೀ!" ಸಾಹೇಬರು ಗದರಿದರು.

ನಾನು ಎದ್ದು ನಿಂತು, ಬಂದಿದ್ದ ಆರು ಅಂಕಿಗಳನ್ನು ಜೋರಾಗಿ ಓದಿದೆ. ಅವಳಿಗೆ ಕೇಳಿಸಲಿಲ್ಲ. ಇನ್ನೊಮ್ಮೆ, ಒಂದೊಂದಾಗಿ, ಸಾಹೇಬರ ಮುಖವನ್ನೇ ನೋಡುತ್ತಾ ಓದಿದೆ.

"ಆಯ್ತು ಕಣಕ್ಕ" ಎಂದಳು ಅವಳು, "ಅಮ್ಮನ್ನ ಒಳಕ್ಕೆ ಕರ್ಕೊಂಡೋದ್ರು."