ಮರೆಯುವ ಮುಂಚೆ ಮಾಡಿಟ್ಟ ಸಾರು

ಅತ್ತೆಯ ಬಲಗೈ ಹೆಬ್ಬೆರಳು ತುದಿಯಲ್ಲಿ ಸ್ವಲ್ಪ ಪಕ್ಕಕ್ಕೆ ವಾಲಿತ್ತು. ನೆನೆಸಿದ ಅವರೆಕಾಳನ್ನು ಹಿತುಕಿ ಹಿತುಕಿ ಹಾಗಾಯಿತು ಎಂದು ಅವರೇ ಹೇಳುತ್ತಿದ್ದರು. ಅವರು ಕಾಳನ್ನು ಬೆರಳುಗಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲೇ ಉಳಿದು ಬೇಳೆ ನೆಟ್ಟಗೆ ಪಾತ್ರೆಗೆ ಬೀಳುತ್ತಿತ್ತು. ನಾನು ಒತ್ತಿದರೆ ಅದು ಟಿವಿ ಸ್ಟ್ಯಾಂಡಿನ ಕೆಳಗೆ ಹೋಗಿ ಅಡಗುತ್ತಿತ್ತು. "ಕಾಳ್ಗೂ ಗೊತ್ತಾಯ್ತದೆ ಕಣವ್ವಾ, ಯಾರ್ ಕೈಲಿ ಐತೆ ಅಂತ" ಎಂದು ನಗುತ್ತಿದ್ದರು.

ಅತ್ತೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಡ್ಯಾಮಿನ ಹತ್ತಿರದವರು. ಮಾವ ಹೋದ ಮೇಲೆ ಮರಳೂರಿನ ನಮ್ಮ ಮನೆಗೆ ಬಂದರು. ನಾನು ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದೆ. ಬೆಳಗ್ಗೆ ಕಂಪನಿ ಬಸ್ಸು ಹಿಡಿಯುವ ಧಾವಂತದಲ್ಲಿ ಅಡುಗೆ ಆಗುವುದಿಲ್ಲವೆಂದು ಭಾನುವಾರವೇ ವಾರಕ್ಕಾಗುವಷ್ಟು ಸಾರು ಮಾಡಿ, ಡಬ್ಬಿಗಳಿಗೆ ತುಂಬಿ ಫ್ರೀಜರಿನಲ್ಲಿ ಇಟ್ಟುಬಿಡುತ್ತಿದ್ದೆ. ಅದು ಕಣ್ಣಿಗೆ ಬಿದ್ದ ದಿನವೇ ಅತ್ತೆ ಮೂಗು ಮುರಿದರು. ಸ್ನಾನ, ಲಿಂಗಪೂಜೆ ಮುಗಿಸಿ, ಆಗಷ್ಟೇ ಮಾಡಿದ್ದನ್ನು ಉಣ್ಣುವ ಜೀವ ಅದು.

"ಪಾಪ, ಸಾರಿಗೆಲ್ಲ ಚಳಿ ಹಿಡಿಸ್ತಾವ್ಳೆ ನನ್ ಸೊಸೆ" ಎಂದು ಪಕ್ಕದ ಮನೆಯವರ ಹತ್ತಿರ ಹೇಳಿಕೊಂಡು ನಗುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು, ನಿಜ. ಆದರೆ ಸಂಜೆ ಬಸ್ಸಿಳಿದು ನಿದ್ದೆಗಣ್ಣಿನಲ್ಲಿ ನಡೆದು ಬರುವಾಗ ಗೇಟಿನ ಹತ್ತಿರವೇ ಅವರು ಹಾಕಿದ ಬೆಳ್ಳುಳ್ಳಿ ಒಗ್ಗರಣೆಯ ಘಮ ಮೂಗಿಗೆ ಬಡಿದರೆ ಸಿಟ್ಟು ಎಲ್ಲಿಗೆ ಹೋಗುತ್ತಿತ್ತೋ. ನನ್ನ ಡಬ್ಬಿಗಳು ಮಾತ್ರ ಫ್ರೀಜರಿನಲ್ಲಿ ಹಾಗೇ ಕೂತಿರುತ್ತಿದ್ದವು.

ಒಂದು ಭಾನುವಾರ ಬಸ್ಸಾರಿಗೆಂದು ಸೊಪ್ಪು, ಕಾಳು ಬೇಯಿಸಿದ್ದರು. ಬೆಂದ ನೀರನ್ನು, ಅಂದರೆ ಕಟ್ಟನ್ನು, ಬಸಿದಿಟ್ಟುಕೊಂಡರೆ ತಾನೇ ಬಸ್ಸಾರು? ಅತ್ತೆ ಅದನ್ನು ನೇರವಾಗಿ ಸಿಂಕಿಗೆ ಸುರಿದುಬಿಟ್ಟರು. ಆಮೇಲೆ ಬರಿಯ ಸೊಪ್ಪನ್ನು ನೋಡುತ್ತಾ ನಿಂತರು.

"ಚೆಲ್ಬುಟ್ನಲ್ಲವ್ವಾ... ಇನ್ ಮುಂದ್ಕೇನ್ ಮಾಡ್ಬೇಕು ಇದ್ಕೆ?"

ಕಟ್ಟು ಹೋದರೆ ಹೋಗಲಿ, ಆ ಪ್ರಶ್ನೆ ಕೇಳಿದ ಮೇಲೆ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಮರೆವಿನ ಕಾಯಿಲೆ, ನಿಧಾನವಾಗಿ ಹೆಚ್ಚುತ್ತಾ ಹೋಗುತ್ತದೆ ಎಂದು ಡಾಕ್ಟರು ಅವರ ಎದುರಿಗೇ ಹೇಳಿದರು. ಅತ್ತೆ ಸೆರಗಿನ ಅಂಚು ಮಡಿಸುತ್ತಾ ಕೇಳಿಸಿಕೊಂಡರು. ಮನೆಗೆ ಬಂದವರೇ ಚಪ್ಪಲಿ ಬಿಟ್ಟು ಫ್ರಿಜ್ಜಿನ ಮುಂದೆ ಹೋಗಿ ನಿಂತರು.

"ಇದ್ರಾಗೆ ಇಟ್ರೆ ಎಷ್ಟ್ ದಿನ ಇರ್ತೈತೆ?"

"ಮೂರ್ ತಿಂಗ್ಳು ಇರುತ್ತೆ ಅತ್ತೆ. ಕೆಲವು ಇನ್ನೂ ಜಾಸ್ತಿ."

"ಹಂಗಾರೆ ನಂಗಿಂತ ಇದ್ಕೇ ನೆಪ್ಪು ಜಾಸ್ತಿ. ಕೈಗೆ ಗ್ಯಾಪ್ಕ ಇರೋವಾಗ್ಲೇ ಮಾಡಿಟ್ಬುಡ್ತೀನಿ. ಆಮ್ಯಾಕೆ ನನ್ ಮಗ ನಿನ್ ಸಾರೇ ತಿನ್ಬೇಕಲ್ಲ, ಪಾಪ!"

ಇಬ್ಬರೂ ನಕ್ಕೆವು. ಆಮೇಲೆ ನಾನು ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ.

ಆ ವರ್ಷದ ಅವರೆಕಾಯಿ ಕಾಲ ಈಗಲೂ ಅರೆನಿದ್ದೆಯಲ್ಲಿ ಕಂಡದ್ದರಂತೆ ನೆನಪಾಗುತ್ತದೆ. ನನ್ನವರು ಗುಬ್ಬಿ ಕಡೆಯಿಂದ ಸೊಗಡಿನ ಕಾಯಿ ಹೊತ್ತು ತರುತ್ತಿದ್ದರು. ಅತ್ತೆ ಹಿತುಕಿದ್ದೇ ಹಿತುಕಿದ್ದು, ರುಬ್ಬಿದ್ದೇ ರುಬ್ಬಿದ್ದು. ಬಿಸಿ ಸಾರನ್ನು ಹಾಗೇ ಒಳಗಿಡಬಾರದು ಎಂದು ನಾನು ಹೇಳಿದ್ದೇ ತಡ, ಡಬ್ಬಿಗಳನ್ನೆಲ್ಲ ನಡುಮನೆಯಲ್ಲಿ ಸಾಲಾಗಿಟ್ಟು, ಪಕ್ಕದಲ್ಲೇ ಕೂತು ಸೆರಗಿನಿಂದ ಗಾಳಿ ಬೀಸತೊಡಗಿದರು. ತಲೆಯ ಮೇಲೆ ಫ್ಯಾನು ತಿರುಗುತ್ತಿದ್ದರೂ ಅವರಿಗೆ ಅದರ ಮೇಲೆ ನಂಬಿಕೆಯಿಲ್ಲ. ಕಿಟಕಿಯಿಂದ ಬಂದ ಬಿಸಿಲು ಹಬೆಯೊಳಗೆ ತೇಲುತ್ತಿತ್ತು. ಬೀಸುತ್ತಾ ಬೀಸುತ್ತಾ ತೂಕಡಿಸುವರು; ಕೈ ಮಾತ್ರ ತೊಟ್ಟಿಲು ತೂಗುವವರ ಕೈಯಂತೆ ಆಡುತ್ತಲೇ ಇರುತ್ತಿತ್ತು. ನಾನು ಗೋಡೆಗೊರಗಿ ನೋಡುತ್ತಾ, ಈ ಸಾರು ಆರದೇ ಇರಲಿ ಎಂದುಕೊಳ್ಳುತ್ತಿದ್ದೆ.

ಫ್ರೀಜರಿನ ಬಾಗಿಲು ತೆಗೆದಾಗ ಬಿಳಿಯ ತಣ್ಣನೆ ಹೊಗೆ ಮುಖಕ್ಕೆ ತಾಗಿದರೆ ಕಣ್ಣು ಮುಚ್ಚಿಕೊಂಡು ನಿಲ್ಲುತ್ತಿದ್ದರು. "ನಮ್ಮೂರ್ನಾಗೆ ಬೆಳಗ್ಗೆ ಹಿಂಗೇ ಇರ್ತಿತ್ತು ಕಣವ್ವಾ, ನೀರಿನ್ ಮ್ಯಾಲೆ."

ಬೇಸಿಗೆಯ ಹೊತ್ತಿಗೆ ಒಲೆಯ ಹತ್ತಿರ ಬರುವುದನ್ನೇ ಬಿಟ್ಟರು. ನನ್ನ ಹೆಸರು ಮರೆಯಿತು, ಆಮೇಲೆ ಮಗನ ಹೆಸರೂ. ಡಬ್ಬಿಗಳು ಒಂದೊಂದಾಗಿ ಖಾಲಿಯಾದವು. ನಾನು ಎಷ್ಟು ಸಲ ಮಾಡಿದರೂ ಆ ರುಚಿ ನನ್ನ ಕೈಗೆ ಹತ್ತಲಿಲ್ಲ.

ಅವರು ತೀರಿಕೊಂಡು ವರ್ಷಗಳಾದವು. ನೆನೆದರೆ ಮೊದಲು ಕಣ್ಣಿಗೆ ಬರುವುದು ಕೊನೆಯ ಡಬ್ಬಿ ಕರಗಿಸಿದ ಮಧ್ಯಾಹ್ನ. ಅಷ್ಟು ಹೊತ್ತಿಗೆ ಅವರು ಊಟ ಸೇರದೆ ತಟ್ಟೆಯನ್ನು ದೂರ ತಳ್ಳುತ್ತಿದ್ದರು. ಅವರೇ ಮಾಡಿಟ್ಟ ಹಿತುಕಿದ ಬೇಳೆ ಸಾರನ್ನು ಕುದಿಸಿ, ಮುದ್ದೆಯ ಜೊತೆ ಮುಂದಿಟ್ಟೆ. ಒಂದು ತುತ್ತು ನುಂಗಿದರು. ಇನ್ನೊಂದು ಮುರಿದರು. ಮುದ್ದೆ ಪೂರ್ತಿ ಮುಗಿಯಿತು.

"ಯಾರವ್ವಾ ಮಾಡಿದ್ದು ಇದ್ನ?"

"ನೀವೇ ಅತ್ತೆ."

"ಏ, ಸುಮ್ಕಿರು. ನಂಗೆಲ್ಲಿ ಬತ್ತದೆ ಇಂಥದ್ದು." ಅಡುಗೆಮನೆಯ ಕಡೆ ಕತ್ತು ಚಾಚಿ ನೋಡಿ, ದನಿ ತಗ್ಗಿಸಿದರು. "ಆಯಮ್ಮ ಉಂಡ್ಲಾ? ಮಾಡ್ದೋಳ್ಗೆ ಯಾರೂ ಎತ್ತಿಡಾಕಿಲ್ಲ ಕಣವ್ವಾ. ಒಂಚೂರು ಎತ್ತಿಡು."

"ಎತ್ತಿಟ್ಟಿದೀನಿ ಅತ್ತೆ" ಎಂದೆ. ಪಾತ್ರೆಯ ತಳದಲ್ಲಿ ಉಳಿದಿದ್ದ ಒಂದು ಸೌಟು ಸಾರನ್ನು ಅವರ ತಟ್ಟೆಗೇ ಬಡಿಸಿದೆ.