ಮೈಕ್‌ಸೆಟ್ ಬೀರಯ್ಯ ಮಗಳ ಮನೆಯೊಳಗೆ ಹೋದದ್ದು

ಹನಗೋಡಿನ ಸಣ್ಣಬೀರಯ್ಯನ ಮೊಪೆಡ್ಡು ಹಿಂದೆ ಮೈಕಿನ ಹಾರ್ನು ಕಟ್ಟಿಕೊಂಡು ಹೊರಟಿತೆಂದರೆ, ದಾರಿಯಲ್ಲಿ ಸಿಕ್ಕವರು ಅವನನ್ನು ಎಲ್ಲಿಗೆ ಎಂದು ಕೇಳುವುದಿಲ್ಲ. ಯಾರು ಎಂದು ಕೇಳುತ್ತಾರೆ. ಅವನು ಹೆಸರು ಹೇಳುತ್ತಾನೆ. ಕೇಳಿದವರು ಲೊಚಗುಟ್ಟಿ, ಕೈಲಿದ್ದ ಕೆಲಸ ಬಿಟ್ಟು ಮನೆಗೆ ಸುದ್ದಿ ಒಯ್ಯುತ್ತಾರೆ. ಸುತ್ತಿನ ಹಳ್ಳಿಗಳಲ್ಲಿ ಸಾವಾದರೆ ನೆಂಟರಿಗೆ ಹೇಳಿದ ಹಾಗೆಯೇ ಮೈಕ್‌ಸೆಟ್ ಬೀರಯ್ಯನಿಗೂ ಹೇಳಿ ಕಳಿಸುತ್ತಾರೆ. ಅವನು ಬಂದು ಮನೆ ಮುಂದಿನ ಮರಕ್ಕೋ ಕಂಬಕ್ಕೋ ಹಾರ್ನು ಕಟ್ಟಿ, ಭಜನೆ ಹಾಕಿ, ಜನ ಮಣ್ಣು ಮಾಡಿ ವಾಪಸಾಗುವವರೆಗೂ ಒಂದು ಮೂಲೆಯಲ್ಲಿ ಕೂತಿರುತ್ತಾನೆ.

ಸುಮ್ಮನೆ ಕೂತಿರುತ್ತಾನೆ ಅಂದುಕೊಳ್ಳಬೇಡಿ. ಅವನ ಕೈ ಸದಾ ಆಂಪ್ಲಿಫೈಯರಿನ ಗುಂಡಿಯ ಮೇಲೇ ಇರುತ್ತದೆ. ದೂರದಿಂದ ಹೆಣ್ಣುಮಕ್ಕಳು ಬಂದು ಹೆಣದ ಮೇಲೆ ಬಿದ್ದು ಅಳುವಾಗ ಸದ್ದು ಇಳಿಸುತ್ತಾನೆ, ಅವರ ಅಳು ಊರಿಗೆ ಕೇಳಲಿ ಎಂದು. ನಾಲ್ಕು ಜನರ ಮುಂದೆ ಅಳಲಾರದೆ ಕೂತವರು ಕಣ್ಣಿಗೆ ಬಿದ್ದರೆ ಸದ್ದು ಏರಿಸುತ್ತಾನೆ. ಇದನ್ನು ಅವನಿಗೆ ಯಾರೂ ಕಲಿಸಿದ್ದಲ್ಲ, ಅವನೂ ಯಾರಿಗೂ ಹೇಳಿಕೊಂಡಿದ್ದಲ್ಲ.

ಮೊದಲೆಲ್ಲ ಹೀಗಿರಲಿಲ್ಲ. ಮದುವೆ, ನಾಮಕರಣ, ಗಣೇಶನ ಕೂರಿಸುವುದು, ಯಾವುದಕ್ಕೂ ಬೀರಯ್ಯನೇ ಆಗಬೇಕಿತ್ತು. "ಹಲೋ, ಮೈಕ್ ಟೆಸ್ಟಿಂಗ್" ಎಂಬ ಅವನ ದನಿ ಕೇಳಿದರೆ ಸಾಕು, ಊರಿನ ಮಕ್ಕಳೆಲ್ಲ ಚಪ್ಪರದ ಕೆಳಗೆ. ಆಮೇಲೆ ಡಿಜೆ ಬಂತು. ಎದೆಗೂಡು ಅದುರಿಸುವ ಆ ಪೆಟ್ಟಿಗೆಗಳ ಮುಂದೆ ಬೀರಯ್ಯನ ಎರಡು ಹಾರ್ನಿಗೆ ಏನು ಬೆಲೆ? ಶುಭಕಾರ್ಯಗಳೆಲ್ಲ ಡಿಜೆಯವರ ಪಾಲಾದವು. ಸಾವಿನ ಮನೆಗೆ ಮಾತ್ರ ಆ ಗಲಾಟೆ ಒಗ್ಗದೆ, ಬೀರಯ್ಯನಿಗೆ ಸಾವಷ್ಟೇ ಉಳಿಯಿತು.

ಒಂದು ಸಲ ಹಳೇ ಗುರುತಿನವರೊಬ್ಬರು ನಾಮಕರಣಕ್ಕೆ ಕರೆದಿದ್ದರು. ಅವನು ಗೇಟಿನ ಹತ್ತಿರ ಮೊಪೆಡ್ಡು ನಿಲ್ಲಿಸುತ್ತಿದ್ದಾಗ ಒಳಗಿನಿಂದ ಒಬ್ಬ ಮುದುಕಿ, "ಕೂಸಿರೋ ಮನೆಗೆ ಇವನ್ನ ಯಾಕ್ಲಾ ಕರುದ್ರಿ?" ಎಂದಳು. ಹೋಗು ಎಂದು ಯಾರೂ ಅವನಿಗೆ ಹೇಳಲಿಲ್ಲ. ಅವನೇ ಮೊಪೆಡ್ಡು ತಿರುಗಿಸಿಕೊಂಡು ಬಂದುಬಿಟ್ಟ. ಅಲ್ಲಿಂದಾಚೆಗೆ ಶುಭಕಾರ್ಯದ ಮನೆಯ ಹೊಸಿಲು ದಾಟುವುದನ್ನೇ ಬಿಟ್ಟ. ಬೇರೆಯವರು ಹಾಕಿದ ಕಟ್ಟಲೆಯಾದರೆ ಅವರ ಕೈಕಾಲು ಹಿಡಿದಾದರೂ ಬಿಡಿಸಿಕೊಳ್ಳಬಹುದು. ತಾನೇ ಹಾಕಿಕೊಂಡದ್ದನ್ನು ಬಿಡಿಸುವವರು ಯಾರು ಹೇಳಿ?

ಸಾವಿನ ಮನೆಯಿಂದ ಹೊರಡುವಾಗ ಹೋಗಿಬರುತ್ತೇನೆ ಅನ್ನಬಾರದು ಎಂಬುದು ನಮ್ಮ ಕಡೆಯ ಶಾಸ್ತ್ರ. ಅಂಥ ಕೆಲಸಕ್ಕೆ ಮತ್ತೆ ಆ ಮನೆಗೆ ಬರುವಂತಾಗಬಾರದಲ್ಲ, ಅದಕ್ಕೆ. ಎದ್ದು, ಮಾತಿಲ್ಲದೆ, ಹಿಂತಿರುಗಿ ನೋಡದೆ ನಡೆಯಬೇಕು. ಬೀರಯ್ಯನಿಗೆ ಅದೇ ರೂಢಿಯಾಗಿ, ಯಾರ ಮನೆಯಿಂದ ಎದ್ದರೂ ತುಟಿ ಬಿಚ್ಚದೆ ಚಪ್ಪಲಿ ಮೆಟ್ಟುತ್ತಿದ್ದ.

ಮಗಳು ರಾಧಾಳ ಮದುವೆಯಲ್ಲೂ ಹಾಗೇ ಆಯಿತು. ತಾಯಿಯಿಲ್ಲದ ಹುಡುಗಿ ಅದು. ಅಪ್ಪನ ಮೊಪೆಡ್ಡಿನ ಮುಂದೆ ಕೂತು, ವೈರಿನ ಸುರುಳಿ ಕೊರಳಿಗೆ ಹಾಕಿಕೊಂಡು ಬೆಳೆದದ್ದು. ತನ್ನ ಮದುವೆಯಲ್ಲಿ ಅಪ್ಪನ ಹಲೋ ಕೇಳಬೇಕೆಂದು ಅವಳಿಗೆ ಆಸೆಯಿತ್ತು. ಆದರೆ ಪಿರಿಯಾಪಟ್ಟಣದ ಛತ್ರಕ್ಕೆ ಬೀರಯ್ಯ ಬೇರೆಯವರ ಸೆಟ್ಟು ಹಾಕಿಸಿದ. ಒಂದು ವೈರನ್ನೂ ಮುಟ್ಟಲಿಲ್ಲ. ಧಾರೆ ಎರೆಯುವಷ್ಟು ಹೊತ್ತು ಮಾತ್ರ ಒಳಗಿದ್ದು, ಹೊರಬಂದು ಗೇಟಿನ ಪಕ್ಕದಲ್ಲೇ ನಿಂತ. ಸಂಜೆ ಮಗಳು ಕಾರು ಹತ್ತುವಾಗ "ಹೋಗ್ಬತ್ತೀನಿ ಕಣಪ್ಪ" ಎಂದು ಅತ್ತಳು, ಇವನು ತಲೆಯಾಡಿಸಿದ ಅಷ್ಟೇ.

ರಾಧಾಳನ್ನು ಕೊಟ್ಟಿದ್ದು ಹಾರನಹಳ್ಳಿಗೆ. ಅಳಿಯ ಕೃಷ್ಣಕುಮಾರ್ ಹಾಲಿನ ಡೈರಿಯ ಸೆಕ್ರೆಟರಿ, ಜೊತೆಗೆ ಹೊಗೆಸೊಪ್ಪಿನ ಬೇಸಾಯ. ಅವನ ತಂದೆ ಮರಿಯಯ್ಯ ಹೋದ ವರ್ಷದ ಹಿಂದಿನ ವರ್ಷ ಹೊಲದಲ್ಲೇ ಕುಸಿದು ತೀರಿಕೊಂಡ. ಅವತ್ತು ಬೀರಯ್ಯ ಕರೆಯುವುದನ್ನೂ ಕಾಯದೆ ಸೆಟ್ಟು ತಂದು ಬೀಗರ ಮನೆ ಮುಂದಿನ ಹೊಂಗೆಮರಕ್ಕೆ ಹಾರ್ನು ಕಟ್ಟಿದ್ದ. ಮರಿಯಯ್ಯನ ಹೆಂಡತಿ ಬಸವಮ್ಮ ಮಾತು ಕಮ್ಮಿಯ ಹೆಂಗಸು. ಆಕೆ ಗೋಡೆಗೆ ಒರಗಿ ಕೂತಿದ್ದನ್ನು ಅವನು ಮೂಲೆಯಿಂದ ನೋಡಿದ್ದ.

ಈ ವರ್ಷ ಸೊಪ್ಪಿನ ಹರಾಜು ಮುಗಿದ ಮೇಲೆ ಕೃಷ್ಣಕುಮಾರ್ ಹಳೇ ಮನೆಯ ಜಾಗದಲ್ಲೇ ಹೊಸ ಮನೆ ಪೂರೈಸಿದ. ಗೃಹಪ್ರವೇಶಕ್ಕೆ ಬೀರಯ್ಯ ಹೋದ. ಶಾಮಿಯಾನದಲ್ಲೇ ಉಂಡು, ಮಗಳ ತಲೆ ಸವರಿ, ಮೊಪೆಡ್ಡು ಹತ್ತಿದ. ವಾರ ಕಳೆದ ಮೇಲೆ ರಾಧಾ ಫೋನು ಮಾಡಿದಳು.

"ಅಪ್ಪ, ನಡುಮನೆಗೆ ಹೋಮ್ ಥಿಯೇಟರ್ ಹಾಕುಸ್ಬೇಕು ಅಂತವ್ರೆ ಇವ್ರು. ನೀನೇ ಬಂದು ಕೂರುಸ್ಬೇಕು."

"ಅಂಗಡಿಯೋರೇ ಬಂದು ಕೂರುಸ್ತಾರೆ ಕಣವ್ವ. ಅದುಕ್ಕೆಲ್ಲ ನಾನ್ಯಾಕೆ?"

"ಅಂಗಡಿಯೋರು ನಮ್ಮಪ್ಪನಾ?" ಅವಳ ದನಿ ಏರಿತು. "ಮದ್ವೇಲಿ ಮೈಕು ಮುಟ್ನಿಲ್ಲ. ಗೃಹಪ್ರವೇಶದಲ್ಲಿ ಹೊಸಿಲು ತುಳೀನಿಲ್ಲ. ಊರೋರೆಲ್ಲ ನನ್ನ ಮನೆ ಒಳಕ್ಕೆ ಬಂದವ್ರೆ, ನೀನೊಬ್ಬ ಬಂದಿಲ್ಲ. ಈ ಸಲ ಬರ್ನಿಲ್ಲ ಅಂದ್ರೆ ಇನ್ಮೇಕೆ ನಾನು ಕರಿಯಾಕಿಲ್ಲ ಕಣಪ್ಪ. ಸತ್ಯ ಹೇಳ್ತೀನಿ."

ರಾಧಾ ಒಂದು ಮಾತು ಆಡಿದರೆ ಆಡಿದ್ದೇ. ಅವಳು ಕರೆಯದಿದ್ದರೆ ತನಗೆ ಹೋಗಲು ಸಾವಿನ ಮನೆಗಳ ಹೊರತು ಬೇರೆ ಮನೆಯೇ ಇಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಅಂಗಡಿಗೆ ಹೋಗಿ ಆರಿಸಿಕೊಡಲು ಮಾತ್ರ ಒಪ್ಪಿದ. ಅಂಗಡಿಗೆ ಶುಭವೂ ಇಲ್ಲ, ಅಶುಭವೂ ಇಲ್ಲ. ಹುಣಸೂರಿನಲ್ಲಿ ಕೃಷ್ಣಕುಮಾರನಿಗೆ ಎದೆಯುದ್ದದ ಎರಡು ಪೆಟ್ಟಿಗೆಗಳು ಹಿಡಿಸಿದ್ದವು. ಹಾಡಿಗೆ ತಕ್ಕಂತೆ ಬಣ್ಣಬಣ್ಣದ ದೀಪಗಳು ಕುಣಿಯುತ್ತಿದ್ದವು. ಬೀರಯ್ಯ ಬೆರಳಗೆಣ್ಣಿನಿಂದ ಕುಟ್ಟಿ ನೋಡಿದ. ಒಳಗೆಲ್ಲ ಪ್ಲಾಸ್ಟಿಕ್ಕು.

"ಹಾಡು ನಿಲ್ಸಿ, ಯಾರಾದ್ರೂ ಮಾತಾಡೋದು ಹಾಕಿ," ಎಂದ ಅಂಗಡಿಯ ಶಶಿಗೆ.

ಶಶಿ ವಾರ್ತೆ ಹಾಕಿದ. ಬೀರಯ್ಯ ಫ್ರಿಜ್ಜುಗಳ ಸಾಲು ದಾಟಿ ಅಂಗಡಿಯ ಕೊನೆಗೆ ಹೋಗಿ ಗೋಡೆ ಕಡೆ ಮುಖ ಮಾಡಿ ನಿಂತ. ಒಂದೊಂದೇ ಸೆಟ್ಟು ಬದಲಾಯಿಸಿ ಹಾಕಿಸಿದ. ಕೊನೆಗೆ ದೀಪವಿಲ್ಲದ, ಮರದ ಮೈಯ ಒಂದನ್ನು ತೋರಿಸಿದ. ಎರಡು ಪಕ್ಕಕ್ಕೆ, ಒಂದು ಮಾತಿಗೆಂದೇ ನಡುವೆ, ಗುಮ್ಮೆನ್ನುವ ಬೇಸ್ ಸದ್ದಿಗೆ ಒಂದು ದಪ್ಪ ಪೆಟ್ಟಿಗೆ.

"ಹಾಡು ಯಾವ ಡಬ್ಬದಲ್ಲಾದ್ರೂ ಚೆನ್ನಾಗೇ ಕೇಳ್ತದೆ ಕಣ್ರೀ ಅಳಿಯಂದ್ರೆ. ಮಾತು ತಿಳೀಬೇಕು. ನಿಮ್ಮವ್ವಾರ್ಗೆ ಎಡಗಿವಿ ಮಂದ ಅಲ್ವರಾ?"

ಕೃಷ್ಣಕುಮಾರ್ ಅವನ ಮುಖ ನೋಡಿದ. "ನಿಮ್ಗೆಂಗೆ ಗೊತ್ತು ಮಾವ?"

"ನಿಮ್ಮಪ್ಪಾರು ಹೋದ ದಿನ ನೋಡಿದ್ದೆ. ಯಾರು ಮಾತಾಡ್ಸುದ್ರೂ ಬಲಗಿವೀನೇ ಮುಂದಕ್ಕೆ ತಿರುಗ್ಸೋರು."

ಮರುದಿನ ಶಶಿ ಸಾಮಾನು ತಂದು ಜೋಡಿಸುವ ಹೊತ್ತಿಗೆ, ಮಗಳ ಮಾತು ಕಾಡಿ ಬೀರಯ್ಯನೂ ಹಾರನಹಳ್ಳಿಗೆ ಬಂದ. ಬಂದವನು ಹೊರಗಿನ ಜಗಲಿಯ ಮೇಲೆ ಕೂತ. ಮಂಡಿನೋವು, ಇಲ್ಲೇ ಕೂರ್ತೀನಿ ಎಂದ. ರಾಧಾ ಬಾಗಿಲಿಗೆ ಬಂದು ನೋಡಿದಳು. ಬಾ ಅನ್ನಲಿಲ್ಲ. ನೀರಿನ ಚೊಂಬು ತಂದು ಹೊಸಿಲಿನ ಒಳಗಡೆಯೇ ಇಟ್ಟು ಅಡಿಗೆಮನೆಗೆ ಹೋದಳು. ಬಿಸಿಲಲ್ಲಿ ಬಂದ ಬೀರಯ್ಯನಿಗೆ ಬಾಯಿ ಒಣಗಿತ್ತು. ಚೊಂಬು ಕೈಗೆಟುಕುವಷ್ಟೇ ದೂರದಲ್ಲಿತ್ತು. ಅವನು ಕೈ ಚಾಚಲಿಲ್ಲ.

ಒಳಗೆ ಸೆಟ್ಟು ಶುರುವಾಯಿತು. ಅಯ್ಯೋ, ಅದೊಂದು ಕೇಳಬಾರದ ಗದ್ದಲ. ಶಶಿಯದೇನೂ ತಪ್ಪಿಲ್ಲ, ಮನೆಯವರು ತೋರಿಸಿದ ಜಾಗದಲ್ಲೇ ಇಟ್ಟಿದ್ದ. ಹೊಸ ಮನೆಯ ಷೋಕೇಸು ಅಂದರೆ ಗೊತ್ತಲ್ಲ, ಮದುವೆಗೆ ಬಂದ ಸ್ಟೀಲು ಬಿಂದಿಗೆ, ಲೋಟ, ಹಿತ್ತಾಳೆ ಚೆಂಬುಗಳೆಲ್ಲ ಅಲ್ಲೇ ಸಾಲುಗಟ್ಟಿರುತ್ತವೆ. ಬೆಲೆಬಾಳುವ ಸಾಮಾನು ನೆಲದ ಮೇಲೆ ಇಡಬಾರದೆಂದು ಬೇಸಿನ ಪೆಟ್ಟಿಗೆಯನ್ನೂ ಅವುಗಳ ನಡುವೆಯೇ ಏರಿಸಿದ್ದರು. ಪೆಟ್ಟಿಗೆ ಗುಮ್ಮೆಂದಾಗಲೆಲ್ಲ ಪಾತ್ರೆಗಳು ಜಣಜಣ ಅನ್ನುತ್ತಿದ್ದವು. ಬೋಳು ಗೋಡೆಗೂ ಟೈಲ್ಸ್ ನೆಲಕ್ಕೂ ಬಡಿದು ಒಂದೊಂದು ಮಾತೂ ಎರಡೆರಡು ಸಲ ಕೇಳುತ್ತಿತ್ತು.

ಬೀರಯ್ಯನಿಗೆ ತಡೆಯಲಾಗಲಿಲ್ಲ. ಜಗಲಿಯಿಂದಲೇ ಕೂಗಿದ. "ಆ ದಪ್ಪ ಪೆಟ್ಟಿಗೆ ಕೆಳಕ್ಕಿಳ್ಸಪ್ಪ, ನೆಲದ ಮ್ಯಾಲಿರ್ಲಿ."

ಶಶಿ ಇಳಿಸಿದ. ಜಣಜಣ ನಿಂತಿತು.

"ಈಗ ಗೋಡೆಯಿಂದ ಒಂದು ಮೊಳ ಈಚೆಗೆ ತತ್ತ. ಎಡಗಡೆ ಮೂಲೆಲಿ ಏನೈತೆ?"

"ಏನೂ ಇಲ್ಲ ಯಜಮಾನ್ರೇ, ಖಾಲಿ."

"ಎರಡು ರಾಗಿಮೂಟೆ ನಿಲ್ಸಿ ಅಲ್ಲಿ. ಎದ್ರು ಗೋಡೆಗೊಂದು ಕಂಬಳಿ ತೂಗಾಕಿ, ಮಾತು ಬಡ್ದು ವಾಪಸ್ ಬರ್ಬಾರ್ದು."

ಕೃಷ್ಣಕುಮಾರ್ ಮೂಟೆ ಹೊತ್ತು ತಂದ. ಶಶಿ ಒಳಗೂ ಹೊರಗೂ ಓಡಾಡಿ ಬೆವರಿದ. "ನೀವೇ ಒಳಕ್ಕೆ ಬಂದ್ಬುಡಿ ಯಜಮಾನ್ರೇ, ಎಲ್ಡು ನಿಮಿಷದ ಕೆಲ್ಸ," ಎಂದು ಒಂದು ಸಲ ಅಂದೂ ನೋಡಿದ. ಬೀರಯ್ಯ ಮಂಡಿ ಉಜ್ಜಿಕೊಂಡ. ಕಣ್ಣು ಮುಚ್ಚಿ ಕೇಳುವುದು, ಕೂಗಿ ಹೇಳುವುದು ಹೀಗೇ ನಡೆಯಿತು. ಮಗಳ ಮನೆಯ ಅಳತೆಯೆಲ್ಲ ಆ ಸದ್ದಿನಲ್ಲೇ ಅವನಿಗೆ ತಿಳಿಯುತ್ತಿತ್ತು. ನಡುಮನೆ ಉದ್ದವಾಗಿದೆ, ಬಲಕ್ಕೊಂದು ಕಿಟಕಿ ತೆರೆದಿದೆ, ಹಿಂದೆ ಅಡಿಗೆಮನೆಗೆ ಬಾಗಿಲಿಲ್ಲ. ಕಣ್ಣಿಂದ ನೋಡದ ಮನೆಯನ್ನು ಕಿವಿಯಿಂದಲೇ ಸುತ್ತಿ ಬಂದ. ಇನ್ನು ಎದ್ದು ಹೋಗಿಬಿಡೋಣ ಅನ್ನಿಸಿತು.

ಚಪ್ಪಲಿ ಹುಡುಕುತ್ತಿದ್ದಾಗ ಬಸವಮ್ಮ ಹೊರಗೆ ಬಂದರು. ಹೊಸಿಲಿನ ಒಳಗಿದ್ದ ಚೊಂಬನ್ನು ಎತ್ತಿ ಕೈಯಲ್ಲಿ ಹಿಡಿದುಕೊಂಡು ಜಗಲಿಯ ಇನ್ನೊಂದು ತುದಿಗೆ ಕೂತರು. ಬಲಗಿವಿ ಇವನ ಕಡೆಗಿತ್ತು.

"ಬೀಗ್ರೆ, ಒಳಕ್ಕೆ ಯಾಕೆ ಬರಾಕಿಲ್ಲ?"

"ಮಂಡಿ..."

"ಮಂಡಿ ಮಾತು ಬುಡಿ."

ಬೀರಯ್ಯ ತಲೆ ತಗ್ಗಿಸಿದ. "ಅಕ್ಕಯ್ಯ, ನನ್ನ ಕೈ ಎಂಥ ಕೈ ಅಂತ ನಿಮ್ಗೆ ಗೊತ್ತು. ಮೊನ್ನೆ ಕೂಡ ಒಂದು ಹೆಣದ ಮುಂದೆ ಕೂತು ಬಂದಿವ್ನಿ. ಹೊಸ ಮನೆ, ಇನ್ನೂ ಮಕ್ಕಳಾಗಿ ಬಾಳಿ ಬದುಕ್ಬೇಕಾದೋರು. ನನ್ನಿಂದ ಏನಾದ್ರೂ ಆಗ್ಬುಟ್ರೆ?" ಎಂದ.

ಬಸವಮ್ಮ ಹೊಂಗೆಮರದ ಕಡೆ ನೋಡಿದರು.

"ಅವ್ರು ಹೋದ ದಿನ ನಂಗೆ ಅಳು ಬರ್ನಿಲ್ಲ ಬೀಗ್ರೆ. ಎಲ್ರೂ ನನ್ನ ಮುಖಾನೇ ನೋಡ್ತಿದ್ರು. ಕಲ್ಲಂಗೆ ಕೂತವ್ಳೆ ಅಂತ ಯಾರೋ ಅಂದ್ರು, ಈ ಕಿವಿಗೆ ಬಿತ್ತು. ಅಷ್ಟೊತ್ಗೆ ನೀವು ಸದ್ದು ಜಾಸ್ತಿ ಮಾಡುದ್ರಿ. ಯಾರ ಮಾತು ಯಾರ್ಗೂ ಕೇಳ್ದಂಗಾಯ್ತು. ಆಗ ಸೆರಗು ಮುಚ್ಕಂಡು ಅತ್ತೆ ನಾನು. ಹೊಟ್ಟೆ ತುಂಬ ಅತ್ತೆ. ಅವತ್ತು ಅಳ್ದೆ ಇದ್ದಿದ್ರೆ ನಾನೂ ಅವ್ರ ಹಿಂದ್ಲೇ ಹೋಗ್ಬುಡ್ತಿದ್ದೆ."

ತಾನು ಗುಂಡಿ ತಿರುಗಿಸಿದ್ದು ಇಷ್ಟು ವರ್ಷಗಳಲ್ಲಿ ಒಬ್ಬರಿಗಾದರೂ ಕಂಡಿತ್ತೆಂದು ಬೀರಯ್ಯ ಕನಸಲ್ಲೂ ಎಣಿಸಿರಲಿಲ್ಲ.

"ಆ ಕೈಯಿಂದ ನನ್ನ ಮನೆಗೆ ಕೆಟ್ಟದಾಗ್ತದಾ?" ಎಂದರು ಬಸವಮ್ಮ. "ಅಳೋಕೆ ಬೇಕಾದೋರು ನಗೋಕೆ ಬ್ಯಾಡ್ವಾ? ಏಳಿ ಮೇಲಕ್ಕೆ. ಈ ನೀರು ನಾನು ಒಳಗೇ ಕೊಡೋದು."

ಚೊಂಬು ಹಿಡಿದು ಆಕೆ ಒಳಗೆ ಹೋಗಿ ನಿಂತರು. ಬೀರಯ್ಯ ಎದ್ದ. ಹೊಸಿಲಿನ ಮೇಲೆ ಗೃಹಪ್ರವೇಶದ ಅರಿಸಿನ ಕುಂಕುಮ ಇನ್ನೂ ಅಂಟಿಕೊಂಡಿತ್ತು. ಬಗ್ಗಿ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಬಲಗಾಲು ಮುಂದಿಟ್ಟು ಒಳಗೆ ಬಂದು, ನಿಂತಲ್ಲೇ ಆ ನೀರು ಕುಡಿದ.

ಆಮೇಲೆ ಅವನು ಯಾರನ್ನೂ ಕೇಳಲಿಲ್ಲ. ಬಸವಮ್ಮ ದಿನಾ ಎಲ್ಲಿ ಕೂರುತ್ತಾರೆಂದು ತಿಳಿದುಕೊಂಡು, ಅದೇ ಕುರ್ಚಿಯಲ್ಲಿ ತಾನು ಕೂತು, ಎಡಗಿವಿಗೆ ಅಂಗೈ ಮುಚ್ಚಿಕೊಂಡು ಕೇಳಿದ. ಮಾತಿನ ಪೆಟ್ಟಿಗೆಯನ್ನು ಅವರ ಬಲಗಿವಿಗೆ ಎದುರಾಗುವಂತೆ ಚೂರು ಚೂರೇ ತಿರುಗಿಸಿದ. ಶಶಿ ಸೆಟ್ಟಿನ ಜೊತೆ ಬಂದಿದ್ದ ಮೈಕನ್ನು ಸಿಕ್ಕಿಸಿ ಅವನ ಕೈಗೆ ಕೊಟ್ಟ. ಸಾವಿನ ಮನೆಯಲ್ಲಿ ಮೈಕ್ ಟೆಸ್ಟಿಂಗ್ ಅನ್ನುವ ಪದ್ಧತಿಯಿಲ್ಲ. ಎಷ್ಟೋ ವರ್ಷವಾಗಿತ್ತು ಅವನು ಆ ಮಾತಾಡಿ. ಮೈಕನ್ನು ಬಾಯಿಗೆ ಹಿಡಿದ. ಮೊದಲು ಬರೀ ಉಸಿರು ಕೇಳಿತು.

"ಹಲೋ," ಎಂದ. "ಹಲೋ... ಮೈಕ್ ಟೆಸ್ಟಿಂಗ್."

ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ರಾಧಾ ಬಂದು ರಾಗಿಮೂಟೆಗೆ ಒರಗಿ ನಿಂತಳು. ಸೆರಗಿನಲ್ಲಿ ಕೈ ಒರೆಸುತ್ತಲೇ ಇದ್ದಳು, ಒರೆಸಲು ಏನೂ ಉಳಿದಿರಲಿಲ್ಲ.

"ಸರ್ಯಾಗಿ ಕೇಳ್ತದೆ," ಎಂದರು ಬಸವಮ್ಮ ಕುರ್ಚಿಯಲ್ಲಿ ಕೂತು.

ಉಪ್ಪೆಸರು ಮುದ್ದೆ ಉಂಡು ಬೀರಯ್ಯ ಹೊರಡುವ ಹೊತ್ತಿಗೆ ಹಾಲು ಹಾಕುವವರು ಡೈರಿಯ ಕಡೆ ಹೋಗುತ್ತಿದ್ದರು. ಎಂದಿನಂತೆ ತುಟಿ ಬಿಚ್ಚದೆ ಚಪ್ಪಲಿ ಮೆಟ್ಟಿದ. ಮೆಟ್ಟಿಲಿಳಿದು ಮೊಪೆಡ್ಡಿನವರೆಗೂ ಹೋದ. ರಾಧಾ ಬಾಗಿಲಲ್ಲಿ ನಿಂತಿದ್ದಳು. ಮೊಪೆಡ್ಡಿನ ಹಿಡಿಯ ಮೇಲೆ ಕೈಯಿಟ್ಟವನು ಹಾಗೇ ನಿಂತ, ಆಮೇಲೆ ಹಿಂತಿರುಗಿ ನೋಡಿದ.

"ಹೋಗ್ಬತ್ತೀನಿ ಕಣವ್ವ," ಎಂದ.