ಸಾವಿನ ಮನೆಯಲ್ಲಿ ಒಂದು ಸಹಿ

ನಮ್ಮ ಸಾಹೇಬರು ಜೀವಮಾನದಲ್ಲಿ ಒಮ್ಮೆಯೂ ಹಗ್ಗ ಎಳೆದವರಲ್ಲ. ಆದರೂ ಹಗ್ಗಜಗ್ಗಾಟದ ಅಂತರರಾಷ್ಟ್ರೀಯ ಸಂಸ್ಥೆಗೆ ಎರಡು ಅವಧಿ ಅಧ್ಯಕ್ಷರಾಗಿದ್ದರು. ಹೊಟ್ಟೆಕಿಚ್ಚಿನಿಂದ ಹೇಳುತ್ತಿದ್ದೇನೆ ಅಂದುಕೊಂಡರೆ ಅಂದುಕೊಳ್ಳಿ, ಸ್ವಲ್ಪ ಇದ್ದೇ ಇದೆ. ಮೂವತ್ತು ವರ್ಷ ಸರ್ಕಾರಿ ಪ್ರೌಢಶಾಲೆಯಲ್ಲಿ ಸೀಟಿ ಊದಿದ ದೈಹಿಕ ಶಿಕ್ಷಕ ನಾನು. ಹಗ್ಗ ಜಾರಿದರೆ ಮಕ್ಕಳ ಅಂಗೈ ಹೇಗೆ ಸುಲಿಯುತ್ತದೆಂದು ನನಗೆ ಗೊತ್ತು. ಸಾಹೇಬರಿಗೆ ಹಗ್ಗದ ನಡುವೆ ಕಟ್ಟುವ ಕೆಂಪು ಬಟ್ಟೆಯಷ್ಟೇ ಗೊತ್ತಿತ್ತು. ಉದ್ಘಾಟನೆಗೆ ಬಂದಾಗ ಅದನ್ನು ಎರಡು ಬೆರಳಲ್ಲಿ ಹಿಡಿದು ಫೋಟೊ ತೆಗೆಸಿಕೊಳ್ಳುತ್ತಿದ್ದರು.

ಯಲಬುರ್ಗಾ ಕಡೆಯ ಸಣ್ಣ ಹಳ್ಳಿಯವರು. ತಾಲ್ಲೂಕು ಪಂಚಾಯ್ತಿ ಗೆದ್ದರು, ಶಾಸಕರಾದರು, ಸ್ವಲ್ಪ ಕಾಲ ಮಂತ್ರಿಯೂ ಆದರು. ಕುಷ್ಟಗಿಯಲ್ಲಿ ಗಣಪತಿ ಹಬ್ಬದ ಪಂದ್ಯಕ್ಕೆ ಬಹುಮಾನ ಕೊಡಲು ಬಂದಾಗ, ರಾಜ್ಯ ಸಂಸ್ಥೆಯ ಅಧ್ಯಕ್ಷಗಿರಿ ಖಾಲಿ ಬಿದ್ದಿದೆಯೆಂದು ಯಾರೋ ಕಿವಿಯಲ್ಲಿ ಹೇಳಿದರು. ನಾನೇ ಕೂರುತ್ತೇನೆ ಬಿಡಿ ಎಂದರಂತೆ. ಅಲ್ಲಿಂದ ದೇಶಕ್ಕೆ, ದೇಶದಿಂದ ಜಗತ್ತಿಗೆ ಏರಿದರು. ಆದರೆ ಕೆಳಗಿನ ಕುರ್ಚಿಯನ್ನೂ ಬಿಡಲಿಲ್ಲ, ಸಹಿಯ ಅಧಿಕಾರವನ್ನೂ ಬೇರೆಯವರಿಗೆ ಕೊಡಲಿಲ್ಲ. ಗಂಗಾವತಿ ತಾಲ್ಲೂಕು ಸಂಘಕ್ಕೆ ನನ್ನನ್ನು ಕಾರ್ಯದರ್ಶಿ ಮಾಡಿದವರೂ ಅವರೇ. ಆ ಹುದ್ದೆ ಇನ್ಯಾರಿಗೂ ಬೇಡವಾದ್ದರಿಂದ ಇವತ್ತಿಗೂ ನನ್ನ ಕೊರಳಿಗೇ ಇದೆ.

ಅವರು ಹಾಗೆ ಏರಿದ್ದು ಸಾವಿನ ಮನೆಗಳಿಂದ. ಮದುವೆಗೆ ಕರೆದರೆ ತಮ್ಮನನ್ನು ಕಳಿಸಿಬಿಡುತ್ತಿದ್ದರು. ಸತ್ತ ಸುದ್ದಿ ಬಂದರೆ ಮಾತ್ರ ಮೂರು ದಿನದೊಳಗೆ ತಾವೇ ಬಂದು, ಮಾತಾಡಿಸಲು ಬಂದವರಿಗೆ ಹಾಸಿದ ಕಂಬಳಿಯ ಮೇಲೆ ಕೂತು, ಸತ್ತವನ ತಾಯಿಯ ಕೈ ಹಿಡಿದುಕೊಳ್ಳುತ್ತಿದ್ದರು. ಆ ಮನೆಯ ಮತ ಬೇರೆ ಎಲ್ಲಿಗೆ ಹೋದೀತು? ಹೊರದೇಶದಲ್ಲೂ ಅವರು ಮಾಡಿದ್ದು ಇದನ್ನೇ. ಯಾವುದೋ ದೇಶದ ಸಂಸ್ಥೆಯ ಮುಖ್ಯಸ್ಥರು ತೀರಿಕೊಂಡಾಗ ವಿಮಾನ ಹತ್ತಿ ಹೋಗಿ, ಮನೆಯವರ ಜೊತೆ ಮೊದಲ ಸಾಲಿನಲ್ಲಿ ಕೂತು ಬಂದರು. ಮುಂದಿನ ಚುನಾವಣೆಯಲ್ಲಿ ಆ ಕಡೆಯವರೆಲ್ಲ ಇವರಿಗೇ ಕೈ ಎತ್ತಿದರು.

ನನ್ನ ತಂಡದಲ್ಲಿ ಮರಳಿ ಎಂಬ ಹಳ್ಳಿಯ ಒಬ್ಬ ಹುಡುಗಿ ಇದ್ದಳು. ಅಪ್ಪ ರೈಸ್ ಮಿಲ್ಲಿನಲ್ಲಿ ಹಮಾಲಿ. ಇವಳು ತಂಡದ ತುದಿಯಲ್ಲಿ ಹಗ್ಗವನ್ನು ಮೈಗೆ ಸುತ್ತಿಕೊಂಡು ನಿಲ್ಲುವವಳು. ಕಾಲು ಊರಿದಳೆಂದರೆ ಎದುರಿನ ಎಂಟು ಜನಕ್ಕೂ ಕೀಳಲಾಗುತ್ತಿರಲಿಲ್ಲ. ಶಾಲೆ ಮುಗಿದ ಮೇಲೂ ಆಡಿ, ರಾಷ್ಟ್ರಮಟ್ಟದಲ್ಲಿ ಪದಕ ತಂದಳು. ಪೊಲೀಸ್ ಕೆಲಸಕ್ಕೆ ಕ್ರೀಡಾ ಕೋಟಾದಲ್ಲಿ ಅರ್ಜಿ ಕರೆದಾಗ ವಯಸ್ಸಿನ ಮಿತಿಗೆ ಅವಳದು ಕಡೆಯ ವರ್ಷ. ಅರ್ಜಿಯ ಜೊತೆ ಒಂದು ಪ್ರಮಾಣಪತ್ರ ಬೇಕಿತ್ತು, ಅದಕ್ಕೆ ರಾಜ್ಯ ಸಂಸ್ಥೆಯ ಅಧ್ಯಕ್ಷರ ಸಹಿ ಬೇಕಿತ್ತು. ನಾ ಮಾಡಿಸ್ಕೊಂಡು ಬರ್ತೀನಿ ಎಂದು ಎದೆ ತಟ್ಟಿ ಹೇಳಿದೆ.

ಕೊಪ್ಪಳದ ಅವರ ಮನೆಗೆ ನಾಲ್ಕು ಸಲ ಬಸ್ಸು ಹತ್ತಿದೆ. ಹಜಾರದ ಗೋಡೆಗೆ ಸಾಲಾಗಿ ದೇಶದೇಶಗಳ ಪುಟ್ಟ ಬಾವುಟ. ಅದರ ಕೆಳಗೆ ಕೂತ ಸಹಾಯಕ ತಲೆ ಎತ್ತದೆ ಹೇಳುತ್ತಿದ್ದ: "ಸಾಹೇಬ್ರು ದೇಶದಾಗ ಇಲ್ರಿ. ಬಂದಮ್ಯಾಲ ಬರ್ರಿ."

ಅರ್ಜಿಗೆ ಕಡೆಯ ದಿನ ಸೋಮವಾರ. ಅದಕ್ಕೆ ಮುಂಚಿನ ಗುರುವಾರ ಹುಡುಗಿಯ ಅಪ್ಪ ಭತ್ತದ ಚೀಲ ಹೊತ್ತವನು ಮಿಲ್ಲಿನ ಮೆಟ್ಟಿಲ ಮೇಲೆಯೇ ಕುಸಿದು ಸತ್ತುಹೋದ. ಶನಿವಾರ ಮನೆಯವರನ್ನು ಮಾತಾಡಿಸಲೆಂದು ನಾನು ಮರಳಿಗೆ ಹೋದೆ. ಪ್ರಮಾಣಪತ್ರ ನನ್ನ ಹೆಗಲ ಚೀಲದಲ್ಲೇ ಇತ್ತು. ಆ ವಾರವೆಲ್ಲ ಅದನ್ನು ಹೊರಗೇ ತೆಗೆದಿರಲಿಲ್ಲ. ನಾನು ಕೂತು ಅರ್ಧ ಗಂಟೆಯಾಗಿರಬೇಕು, ಅಂಗಳದ ಮುಂದೆ ಸಾಹೇಬರ ಕಾರು ನಿಂತಿತು.

ನಾಲ್ಕು ಸಲ ಸಿಗದವರು ಬಂದು ನನ್ನ ಪಕ್ಕದಲ್ಲೇ, ಅದೇ ಕಂಬಳಿಯ ಮೇಲೆ ಕೂತರು. ಹುಡುಗಿಯನ್ನು ಹತ್ತಿರ ಕರೆದು ತಲೆ ಸವರಿದರು. "ಏನರ ಬೇಕಾದ್ರ ಹೇಳವಾ. ನಾ ಅದೀನಿ" ಎಂದರು.

ಅವಳು ನನ್ನನ್ನು ನೋಡಿದಳು. ನಾನು ಚೀಲದ ಬಾಯಿಯನ್ನು ಗಟ್ಟಿ ಹಿಡಿದುಕೊಂಡೆ. ಸುತ್ತ ಊರ ಹಿರಿಯರು, ಒಳಗೆ ಹೆಂಗಸರ ಅಳು. ಹೆಣ ಹೋಗಿ ಎರಡು ದಿನವಾಗಿಲ್ಲ, ಈ ಮಾಸ್ತರ ಕಾಗದ ತೆಗೆಯುತ್ತಾನಲ್ಲ ಎಂದಾರು ಅಂತ ನನಗೆ ನಾಚಿಕೆ. ಮರ್ಯಾದಸ್ಥ ಅನ್ನಿಸಿಕೊಳ್ಳುವ ಚಟ ನನಗೆ ಮೊದಲಿನಿಂದಲೂ ಇತ್ತು. ಅದನ್ನು ಆಗ ಸಂಸ್ಕಾರ ಎಂದುಕೊಂಡಿದ್ದೆ, ಈಗ ಹೇಡಿತನ ಎನ್ನುತ್ತೇನೆ. ಹತ್ತು ನಿಮಿಷವಾದ ಮೇಲೆ ಸಾಹೇಬರು ಎದ್ದರು. ಸಾವಿನ ಮನೆಯಿಂದ ಹೊರಡುವವರು ಹೋಗಿ ಬರುತ್ತೇನೆ ಎನ್ನುವಂತಿಲ್ಲ, ಕೂತವರು ಎದ್ದು ಕಳಿಸಿಕೊಡುವಂತೆಯೂ ಇಲ್ಲ. ಹಾಗಾಗಿ ಕಾರಿನವರೆಗೂ ಹೋಗದೆ ಕೂತೇ ಇದ್ದೆ. ಕಾರು ತಿರುಗಿಸಿಕೊಂಡು ಹೋದ ಸದ್ದು ಕೇಳಿಸಿತು.

ಭಾನುವಾರ ಬೆಳಿಗ್ಗೆ ಕೊಪ್ಪಳಕ್ಕೆ ಓಡಿದೆ. ಸಾಹೇಬರು ನಸುಕಿನಲ್ಲೇ ಸಭೆಗೆಂದು ಹೊರದೇಶಕ್ಕೆ ಹೊರಟಿದ್ದರು. ಸೋಮವಾರ ಕಳೆಯಿತು. ಹುಡುಗಿ ಅಪ್ಪ ದುಡಿದ ಮಿಲ್ಲಿನಲ್ಲೇ ಅಕ್ಕಿ ಹಸನು ಮಾಡುವ ಕೂಲಿಗೆ ಸೇರಿದಳು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ನಾನೂ ಭಾನುವಾರ ಹೋದೆ, ಸಾಹೇಬರು ಸಿಗಲಿಲ್ಲ ಎಂದಷ್ಟೇ ಹೇಳಿ ಕೈ ತೊಳೆದುಕೊಂಡೆ.

ಎರಡು ವರ್ಷದ ಮೇಲೆ ನವಲಿಯಲ್ಲಿ ಸಹೋದ್ಯೋಗಿಯೊಬ್ಬರ ತಂದೆ ತೀರಿಕೊಂಡರು. ಅಲ್ಲಿಗೂ ಸಾಹೇಬರು ಬಂದರು. ಅವರು ಕಂಬಳಿಯ ಮೇಲೆ ಕೂರುವುದೇ ತಡ, ನಾಲ್ಕಾರು ಜನ ಕಾಗದ ಚಾಚಿದರು. ಒಬ್ಬನಿಗೆ ವರ್ಗಾವಣೆಯ ಶಿಫಾರಸು, ಇನ್ನೊಬ್ಬನಿಗೆ ಮಗನ ಕ್ರೀಡಾ ಪ್ರಮಾಣಪತ್ರ. ಡ್ರೈವರ್ ಕಾರಿನಿಂದ ಮೊಹರು, ಶಾಯಿ ಪ್ಯಾಡು ತಂದಿಟ್ಟ. ಸಾಹೇಬರು ಮೊಣಕಾಲ ಮೇಲೆ ಕಾಗದವಿಟ್ಟುಕೊಂಡು, ಸತ್ತವರ ಗುಣಗಾನ ಮಾಡುತ್ತಲೇ ಎಲ್ಲಕ್ಕೂ ಸಹಿ ಹಾಕಿದರು. ನಾನು ಬಾಯಿ ತೆರೆದು ನೋಡುತ್ತಿದ್ದೆ. ಪಕ್ಕದಲ್ಲಿದ್ದವನು ಮೆಲ್ಲಗೆ ಹೇಳಿದ: "ಅವ್ರು ಸಿಗೂದ ಇಂಥಲ್ಲೆ ರೀ ಮಾಸ್ತರ. ಎಲ್ಲಾರಿಗೂ ಗೊತ್ತೈತಿ. ನಿಮಗ ಗೊತ್ತಿಲ್ಲೇನು?"

ಮನೆಗೆ ಬಂದು ಹೆಂಡತಿಯ ಮುಂದೆ ಎಲ್ಲ ಹೇಳಿಕೊಂಡೆ. ಅವಳು ಕೇಳಿ, "ನನಗ್ಯಾಕ ಹೇಳ್ತೀರಿ? ಆ ಹುಡುಗಿಗೆ ಹೋಗಿ ಹೇಳ್ರಿ" ಎಂದಳು. ನಾನು ಹೋಗಲಿಲ್ಲ.

ಸಾಹೇಬರು ಆಮೇಲೆ ಎರಡು ಚುನಾವಣೆ ಸೋತರು. ಅಂತರರಾಷ್ಟ್ರೀಯ ಕುರ್ಚಿಯೂ ಹೋಯಿತು. ಕೊಪ್ಪಳದ ಹಜಾರದಲ್ಲಿ ಬಾವುಟ ಕಿತ್ತ ಕಡೆ ಗೋಡೆಯ ಬಣ್ಣ ಮಾತ್ರ ಬೇರೆಯಾಗಿ ಉಳಿದಿದೆ. ಅವರು ಹಾಸಿಗೆ ಹಿಡಿದಿದ್ದಾರೆ. ಈಗ ಯಾರ ಮನೆಗೂ ಮಾತಾಡಿಸಲು ಬರುವುದಿಲ್ಲ.

ಕಳೆದ ವರ್ಷ ನನ್ನ ಹೆಂಡತಿ ತೀರಿಕೊಂಡಳು. ಮೂರನೆಯ ದಿನ ಮರಳಿಯಿಂದ ಆ ಹುಡುಗಿ ಬಂದಳು. ಹುಡುಗಿ ಎನ್ನುವುದು ನನ್ನ ರೂಢಿ, ಈಗ ಅವಳಿಗೇ ಹಗ್ಗ ಎಳೆಯುವ ಮಗಳಿದ್ದಾಳೆ. ಕಂಬಳಿಯ ತುದಿಯಲ್ಲಿ ಕೂತು ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಪ್ಲಾಸ್ಟಿಕ್ ಕವರಿನಿಂದ ಒಂದು ಕಾಗದ, ಒಂದು ಪೆನ್ನು ತೆಗೆದು ನನ್ನ ಮುಂದಿಟ್ಟಳು. ಮಗಳನ್ನು ಕ್ರೀಡಾ ವಸತಿ ಶಾಲೆಗೆ ಸೇರಿಸುವ ಅರ್ಜಿ. ತಾಲ್ಲೂಕು ಸಂಘದ ಕಾರ್ಯದರ್ಶಿಯ ಸಹಿ ಬೇಕಿತ್ತು.

"ಇದೇನವ್ವಾ, ಸತ್ತ ಮನ್ಯಾಗ ಕಾಗದ ತಗೀತಿಯಲ್ಲ, ಬುದ್ಧಿ ಐತೋ ಇಲ್ಲೋ?" ಎಂದು ನನ್ನ ತಂಗಿ ರೇಗಿದಳು.

ಅವಳು ತಂಗಿಯ ಕಡೆ ತಿರುಗಲಿಲ್ಲ. "ನಾಳೆ ಕಡೀ ದಿನ ಐತ್ರಿ ಸರ. ಅವತ್ತು ನಿಮ್ಮ ಚೀಲದಾಗ ನನ್ನ ಕಾಗದ ಇದ್ದದ್ದು ನನಗ ಗೊತ್ತಿತ್ರಿ. ಅಪ್ಪ ಸತ್ತಾನ, ಹೆಂಗ ಬಾಯಿ ಬಿಡ್ಲಿ ಅಂತ ನಾನೂ ಸುಮ್ನ ಕುಂತೆ. ನನ್ನ ಮಗಳಿಗೆ ಹಂಗ ಆಗಬಾರದ್ರಿ" ಎಂದಳು.

ಮೊಣಕಾಲ ಮೇಲೆ ಕಾಗದವಿಟ್ಟುಕೊಂಡು ಸಹಿ ಹಾಕಿದೆ. ಅವಳು ಅದನ್ನು ಕವರಿನಲ್ಲಿಟ್ಟು, ಯಾರಿಗೂ ಏನೂ ಹೇಳದೆ ಎದ್ದು ಬಾಗಿಲು ದಾಟಿದಳು.

ನಾನೂ ಎದ್ದೆ. ಕಳಿಸಾಕ ಹೋಗಬಾರದು, ಕುಂದ್ರು ಎಂದು ತಂಗಿ ಹಿಂದಿನಿಂದ ಕೂಗುತ್ತಿದ್ದಳು. ಬಸ್ ಬರುವವರೆಗೂ ನಾನು ಅವಳ ಜೊತೆ ನಿಲ್ದಾಣದಲ್ಲಿ ನಿಂತಿದ್ದೆ.